ಮೋಲ್ಡ್ ಹಾಕೋ ಮುಂಚೆ ಆಡಬೇಕಾದ ದುಡ್ಡಿನ ಮಾತು

ನಾನು ಬಿಲ್ ಬರೆಯೋನು. ತುಮಕೂರು ಸುತ್ತಮುತ್ತ ಮನೆ ಕಟ್ಟೋ ಕಂಟ್ರಾಕ್ಟರ್‌ಗಳು, ದೊಡ್ಡ ಕಂಪನಿ ಕೆಳಗೆ ಸಬ್ ಕಂಟ್ರಾಕ್ಟ್ ಮಾಡೋರು, ಪಂಚಾಯ್ತಿ ಪಿಡಬ್ಲ್ಯೂಡಿ ಕೆಲಸ ಹಿಡಿಯೋರು, ಇವರಿಗೆಲ್ಲ ಸೈಟಿಗೆ ಹೋಗಿ ಟೇಪ್ ಹಿಡಿದು ಅಳತೆ ತಗೊಂಡು ಆರ್‌ಎ ಬಿಲ್ (ಕೆಲಸ ನಡೀತಿರುವಾಗ ಆದಷ್ಟಕ್ಕೆ ಹಾಕೋ ಬಿಲ್) ಮಾಡ್ಕೊಡೋದು ನನ್ನ ಕೆಲಸ. ಲಾಯರ್ ಅಲ್ಲ. ಆದ್ರೆ ಬಿಲ್ ಮಾಡ್ಕೊಟ್ಟೋನ ಹತ್ರಾನೇ ಎಲ್ರೂ ಬಂದು "ಸಾರ್ ದುಡ್ಡು ಬಂದಿಲ್ಲ, ಏನ್ ಮಾಡೋದು" ಅಂತ ಕೂತ್ಕೋತಾರೆ, ಹಾಗಾಗಿ ಈ ಆಕ್ಟು ಸೆಕ್ಷನ್ನು ಅಂತ ಓದ್ಲೇಬೇಕಾಯ್ತು, ಕೋರ್ಟ್ ಕ್ಯಾಂಟೀನಲ್ಲಿ ಲಾಯರ್‌ಗಳಿಗೆ ಕಾಫಿ ಕುಡಿಸಿ ಕೇಳ್ಲೇಬೇಕಾಯ್ತು.

ಇಷ್ಟು ವರ್ಷ ನೋಡಿ ನಂಗೆ ಅನ್ಸಿರೋದು ಏನಂದ್ರೆ ಸಣ್ಣ ಕಂಟ್ರಾಕ್ಟರ್‌ಗೆ ಕಾನೂನು ತೀರಾ ಕಮ್ಮಿಯೇನಿಲ್ಲ, ಆದ್ರೆ ಆ ಕಾನೂನು ಕೇಳೋ ಪೇಪರ್ ಹುಟ್ಟೋದು ಕೆಲಸ ನಡೀತಾ ಇರುವಾಗ, ನಮ್ಮೋರು ಅದನ್ನ ಹುಡುಕೋಕೆ ಹೊರಡೋದು ಕೆಲಸ ಮುಗಿದು ಜಗಳ ಶುರುವಾದ್ಮೇಲೆ. ಕೆಲಸ ನಡೀತಿರುವಾಗ ಕೇಳಿದ್ರೆ ಓನರ್ ಬೇಜಾರು ಮಾಡ್ಕೋತಾರೆ ಅಂತ ದಾಕ್ಷಿಣ್ಯ. ಆ ದಾಕ್ಷಿಣ್ಯದ ರೇಟು ಎಷ್ಟು ಅಂತ ಲಾಸ್ಟ್ ಇನ್‌ಸ್ಟಾಲ್‌ಮೆಂಟ್ ಕಳ್ಕೊಂಡೋರನ್ನ ಕೇಳಿ.

ಮೊದಲು ನಮ್ಮಲ್ಲಿ ಏನಿಲ್ಲ ಅನ್ನೋದನ್ನ ಹೇಳ್ಬಿಡ್ತೀನಿ, ಯಾಕಂದ್ರೆ ಅಮೆರಿಕಾದಲ್ಲಿ ಅಣ್ಣನೋ ಭಾವನೋ ಇರೋರು ಇದನ್ನ ಕೇಳೇ ಕೇಳ್ತಾರೆ. ಅಲ್ಲಿ ಮೆಕ್ಯಾನಿಕ್ಸ್ ಲೀನ್ ಅಂತಿದೆ, ದುಡ್ಡು ಕೊಡದೇ ಇದ್ರೆ ಕಂಟ್ರಾಕ್ಟರ್ ಹೋಗಿ ಆ ಪ್ರಾಪರ್ಟಿ ಮೇಲೇ ತನ್ನ ಬಾಕಿ ದಾಖಲು ಮಾಡಿಸಿಬಿಡ್ಬೋದು, ಅದನ್ನ ತೀರಿಸದೆ ಓನರ್ ಆ ಮನೆ ಮಾರೋದು ಕಷ್ಟ. ಇಂಗ್ಲೆಂಡಲ್ಲಿ 1996ರದ್ದೊಂದು ಆಕ್ಟ್ ಇದೆ, ಕನ್‌ಸ್ಟ್ರಕ್ಷನ್ ಜಗಳ ಬಂದ್ರೆ ಅಡ್ಜುಡಿಕೇಟರ್ ಅನ್ನೋ ತೀರ್ಪುಗಾರ 28 ದಿನದಲ್ಲಿ ತೀರ್ಮಾನ ಹೇಳ್ಬೇಕು, ದುಡ್ಡು ಬರ್ಲಿಲ್ಲ ಅಂದ್ರೆ ನೋಟಿಸ್ ಕೊಟ್ಟು ಕೆಲಸ ನಿಲ್ಸೋ ಹಕ್ಕನ್ನೂ ಆ ಆಕ್ಟೇ ಕೊಡುತ್ತೆ. ನಮ್ಮ ದೇಶದಲ್ಲಿ ಕನ್‌ಸ್ಟ್ರಕ್ಷನ್‌ಗೇ ಅಂತ ಇಂಥದ್ದು ಯಾವುದೂ ಇಲ್ಲ. ಕಟ್ಟಿದ ಮನೆ ಮೇಲೆ ಕಟ್ಟಿದೋನಿಗೆ ಹಕ್ಕಿಲ್ಲ. "ಬಾಕಿ ಕೊಡೋ ತನಕ ಕೀ ಕೊಡಲ್ಲ" ಅಂತ ಬೀಗ ಹಾಕ್ಕೊಂಡು ಕೂತೋರನ್ನ ನೋಡಿದೀನಿ, ಓನರ್ ಸ್ಟೇಷನ್‌ಗೆ ಹೋದ್ರೆ ಪೇಚಾಟ ನಿಮ್ಮದೇ. ನಿಮ್ಮ ಸೆಂಟ್ರಿಂಗ್ ಶೀಟು, ಜಾಕಿ, ಮಿಕ್ಸರ್ ಅದು ನಿಮ್ಮದು, ಅದನ್ನ ಫೋಟೋ ತೆಗೆದು ಲಿಸ್ಟ್ ಮಾಡಿ ಎತ್ಕೊಂಡು ಬನ್ನಿ, ಗೋಡೆ ಸೇರಿದ ಇಟ್ಟಿಗೆ ಮಾತ್ರ ಓನರ್‌ದು.

ಅಂದ್ರೆ ನಮ್ಮ ಕೈಲಿರೋ ಜೋರು ಕೆಲಸ ಬಾಕಿ ಇರೋ ತನಕ ಅಷ್ಟೇ. ಮನೆ ಕೆಲಸದಲ್ಲಿ ಚದರಕ್ಕೆ ಇಷ್ಟು ಅಂತ ಮಾತಾಗುತ್ತೆ, ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್‌ಗೆ (ತಾರಸಿ ಕಾಂಕ್ರೀಟ್) ಇಷ್ಟು ಅಂತ ಸ್ಟೇಜ್ ಹಂಚ್ಕೋತಾರೆ. ಸಾಮಾನ್ಯವಾಗಿ ಎಲ್ರೂ ಬರ್ಕೊಳೋದು "ಮೋಲ್ಡ್ ಆದ್ಮೇಲೆ ಇಷ್ಟು ಕೊಡತಕ್ಕದ್ದು" ಅಂತ. ನಾನು ಈಗ ಎಲ್ರಿಗೂ ಹೇಳೋದು ಆ ಒಂದು ಪದ ಬದಲಾಯ್ಸಿ ಅಂತ, ಮೋಲ್ಡ್ ಆದ್ಮೇಲೆ ಅಲ್ಲ, ಮೋಲ್ಡ್ ಹಾಕೋ ಮುಂಚೆ. ಸಿಮೆಂಟ್ ಅಂಗಡಿಯವನು, ಕಂಬಿ ಅಂಗಡಿಯವನು ನಮಗೆ ಸಾಲ ಕೊಡೋದು ಒಂದೋ ಎರಡೋ ವಾರ, ಶನಿವಾರದ ಬಟವಾಡೆ ಯಾರಿಗೂ ಕಾಯಲ್ಲ, ಮಧ್ಯದ ದುಡ್ಡೆಲ್ಲ ನಮ್ಮ ಜೇಬಿಂದಾನೇ ಹೋಗೋದು, ಆಮೇಲೆ ಬಡ್ಡಿ.

ಇದಕ್ಕೆ ಕಾನೂನಿನ ಬಲಾನೂ ಇದೆ. 1872ರ ಕಾಂಟ್ರಾಕ್ಟ್ ಆಕ್ಟ್ 54ನೇ ಸೆಕ್ಷನ್ ಹೇಳೋದು ಏನಂದ್ರೆ ಇಬ್ಬರ ಮಾತಲ್ಲಿ ಒಬ್ಬ ಮೊದಲು ತನ್ನ ಪಾಲು ಮಾಡದೆ ಇನ್ನೊಬ್ಬನ ಪಾಲು ನಡೆಯೋಕೆ ಸಾಧ್ಯವಿಲ್ಲ ಅಂದ್ರೆ, ಆ ಮೊದಲನೆಯವನು ಮಾಡದೇ ಇದ್ದು ಎರಡನೆಯವನ ಮೇಲೆ ದೂರೋ ಹಾಗಿಲ್ಲ, ಉಲ್ಟಾ ನಷ್ಟ ಕಟ್ಕೊಡ್ಬೇಕು. ನಂಗೆ ಖುಷಿಯಾಗಿದ್ದು ಆ ಸೆಕ್ಷನ್ ಕೆಳಗೆ ಕೊಟ್ಟಿರೋ ಉದಾಹರಣೆ ನೋಡಿ. ಒಬ್ಬ ಕಟ್ಟೋನು ರೇಟ್ ಮಾತಾಡಿ ಕೆಲಸ ಒಪ್ಪಿರ್ತಾನೆ, ಸಾರವೆ ಮರ ಓನರ್ ಕೊಡ್ಬೇಕು ಅಂತ ಮಾತು, ಓನರ್ ಕೊಡಲ್ಲ, ಕೆಲಸ ನಿಂತೋಗುತ್ತೆ. ಕಟ್ಟೋನು ಕೆಲಸ ಮಾಡ್ಬೇಕಾಗಿಲ್ಲ, ಆಗಿರೋ ಲಾಸು ಓನರ್ ಕೊಡ್ಬೇಕು ಅಂತ ಆಕ್ಟಲ್ಲೇ ಬರೆದಿದೆ! ನೂರೈವತ್ತು ವರ್ಷದ ಹಿಂದೇನೇ ನಮ್ಮ ಸೈಟಿನ ಜಗಳ ಅಲ್ಲಿ ಕೂತಿದೆ ನೋಡಿ. ಹಾಗಾಗಿ ಅಗ್ರಿಮೆಂಟಲ್ಲಿ "ಮುಂದಿನ ಹಂತದ ದುಡ್ಡು ಬಂದ ನಂತರವೇ ಆ ಹಂತದ ಕೆಲಸ ಶುರು, ತಡವಾದಷ್ಟು ದಿನ ಕೆಲಸದ ಗಡುವೂ ಮುಂದೆ ಹೋಗುತ್ತದೆ" ಅಂತ ಎರಡು ಲೈನ್ ಇದ್ರೆ ಕೆಲಸ ನಿಲ್ಸೋಕೆ ನಿಮಗೆ ಧೈರ್ಯ ಬರುತ್ತೆ. ಅದಿಲ್ದೆ ನಿಲ್ಸಿದ್ರೆ ಓನರ್ "ಕಂಟ್ರಾಕ್ಟರ್ ಅರ್ಧಕ್ಕೆ ಬಿಟ್ಟೋದ" ಅಂತ ಗ್ರಾಹಕರ ಕೋರ್ಟಿಗೆ ಹೋಗ್ತಾನೆ.

ಅಗ್ರಿಮೆಂಟೇ ಇಲ್ಲ, ಬಾಯಿಮಾತು ಅಂತೀರಾ? ಬಾಯಿಮಾತಿನ ಕಾಂಟ್ರಾಕ್ಟೂ ಕಾಂಟ್ರಾಕ್ಟೇ, ಕಾನೂನು ಅದನ್ನ ಒಪ್ಪುತ್ತೆ, ಕಷ್ಟ ಇರೋದು ಸಾಬೀತು ಮಾಡೋದ್ರಲ್ಲಿ. ಈಗ ಎಲ್ಲ ವಾಟ್ಸಾಪಲ್ಲೇ ನಡೆಯೋದ್ರಿಂದ ಪರವಾಗಿಲ್ಲ, "ಕಿಚನ್‌ಗೆ ಗ್ರಾನೈಟ್ ಬದಲಾಯ್ಸಿ", "ಮೇಲೆ ಒಂದು ರೂಮ್ ಎಕ್ಸ್‌ಟ್ರಾ ಹಾಕಿ" ಅಂತ ಓನರ್ ಕಳ್ಸಿರೋ ಮೆಸೇಜು ಸಾಕ್ಷಿ ಆಗುತ್ತೆ, ಆದ್ರೆ ಬರೀ ಪ್ರಿಂಟೌಟ್ ತಗೊಂಡೋದ್ರೆ ಆಗಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಜೊತೆಗಿಡ್ಬೇಕು (ಮೊದಲು ಇದನ್ನೇ 65ಬಿ ಅಂತಿದ್ರು). ಫೋನ್ ಬದಲಾಯ್ಸುವಾಗ ಹಳೇ ಚಾಟ್ ಕಳ್ಕೊಂಡು ಬರೋರು ತುಂಬಾ ಜನ, ದಯವಿಟ್ಟು ಆ ಫೋನ್ ಮಕ್ಕಳ ಕೈಗೆ ಕೊಡ್ಬೇಡಿ. ಫೋನಲ್ಲಿ ಮಾತಾಡಿದ್ದನ್ನ ಸಂಜೆ ಒಂದು ಮೆಸೇಜ್ ಹಾಕಿ ಬರೆದಿಡಿ, "ಸಾರ್ ಬೆಳಿಗ್ಗೆ ಹೇಳಿದ ಹಾಗೆ ಸಂಪ್ ಎರಡು ಅಡಿ ಜಾಸ್ತಿ ಮಾಡ್ತಿದೀವಿ, ಇಷ್ಟು ಎಕ್ಸ್‌ಟ್ರಾ ಆಗುತ್ತೆ" ಅಂತ, ಆತ ಓಕೆ ಅಂದ್ರೂ ಸರಿ, ಥಂಬ್ಸ್ ಅಪ್ ಹಾಕಿದ್ರೂ ಸರಿ, ಏನೂ ಇಲ್ಲದೆ ಇರೋದಕ್ಕಿಂತ ವಾಸಿ. ಇನ್ನು ಅಗ್ರಿಮೆಂಟ್ ಮಾಡಿದ್ರೆ ಸ್ಟಾಂಪ್ ಡ್ಯೂಟಿ ಸರಿಯಾಗಿ ಕಟ್ಟಿ, ಕಮ್ಮಿ ಕಟ್ಟಿದ ಪೇಪರನ್ನ ಕೋರ್ಟಲ್ಲಿ ಹಾಜರು ಮಾಡಿದ್ರೆ ನಮ್ಮ ಕರ್ನಾಟಕ ಸ್ಟಾಂಪ್ ಆಕ್ಟ್ ಪ್ರಕಾರ ಬಾಕಿ ಡ್ಯೂಟಿ ಜೊತೆ ಅದರ ಹತ್ತು ಪಟ್ಟು ದಂಡ ಅಂತ ಬರುತ್ತೆ.

ಚೆಕ್ ವಿಷಯ. ಗೃಹಪ್ರವೇಶಕ್ಕೆ ಒಂದು ವಾರ ಇದೆ ಅನ್ನುವಾಗ ಓನರ್ ಬಂದು ಬಾಕಿಗೆ ಅಂತ ಒಂದು ಚೆಕ್ ಕೊಡ್ತಾರೆ, ನಾವು ಖುಷಿಯಾಗಿ ಉಳಿದ ಪೇಂಟಿಂಗ್ ಎಲ್ಲ ಮುಗಿಸ್ತೀವಿ, ಆಮೇಲೆ ಹೊಳೆ ದಾಟಿದ್ಮೇಲೆ ಅಂಬಿಗನ ಹಂಗೇನು ಅನ್ನೋ ಕಥೆ. ಚೆಕ್ ಬೌನ್ಸ್ ಆದ್ರೆ 138 ಕೇಸು ಅಂತ ಎಲ್ರಿಗೂ ಗೊತ್ತು, ದಿನದ ಲೆಕ್ಕ ಗೊತ್ತಿರಲ್ಲ. ಚೆಕ್ ಮೇಲಿನ ತಾರೀಖಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕ್ಬೇಕು. ವಾಪಸ್ ಬಂತು ಅಂತ ಬ್ಯಾಂಕ್ ಹೇಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗ್ಬೇಕು. ನೋಟಿಸ್ ಕೈಗೆ ಸಿಕ್ಕ ಮೇಲೆ ಅವರಿಗೆ 15 ದಿನ ಟೈಮು. ಆ 15 ದಿನ ಮುಗಿದ ಒಂದು ತಿಂಗಳೊಳಗೆ ಕೋರ್ಟಲ್ಲಿ ಕಂಪ್ಲೇಂಟ್. ಓನರ್ "ಅಣ್ಣ ಮುಂದಿನ ವಾರ ಪಕ್ಕಾ, ಮತ್ತೆ ಹಾಕು" ಅಂತ ಎಳೀತಾ ಎಳೀತಾ ಈ ದಿನಗಳನ್ನೇ ತಿನ್ನೋದು. ಇನ್ನೊಂದು ಸೂಕ್ಷ್ಮ ಇದೆ, 5 ಲಕ್ಷಕ್ಕೆ ಚೆಕ್ ಕೊಟ್ಟು ಆಮೇಲೆ 2 ಲಕ್ಷ ಬೇರೆ ಕಡೆಯಿಂದ ಹಾಕಿದ್ರು ಅನ್ಕೊಳ್ಳಿ, ನೀವು ಅದೇ 5 ಲಕ್ಷದ ಚೆಕ್ ಹಾಕಿದ್ರೆ ಕೇಸು ನಿಲ್ಲಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬಂದಿದ್ದನ್ನ ಚೆಕ್ ಮೇಲೆ ಬರೆದು ಉಳಿದಿದ್ದಕ್ಕೆ ಮಾತ್ರ ಹಾಕ್ಬೇಕು, ಇಲ್ಲ ಹೊಸ ಚೆಕ್ ಇಸ್ಕೋಬೇಕು. ಒಳ್ಳೇದೇನಪ್ಪಾ ಅಂದ್ರೆ 2015ರ ತಿದ್ದುಪಡಿ ಆದ್ಮೇಲೆ ನಿಮ್ಮ ಅಕೌಂಟ್ ಇರೋ ಬ್ರಾಂಚು ಯಾವ ಊರಲ್ಲಿದೆಯೋ ಅಲ್ಲೇ ಕೇಸ್ ಹಾಕ್ಬೋದು, ಬೆಂಗಳೂರಲ್ಲಿ ಕೆಲಸ ಮಾಡಿ ತುಮಕೂರಲ್ಲಿ ಅಕೌಂಟ್ ಇರೋನು ಬೆಂಗಳೂರಿಗೆ ಅಲೆಯೋದು ತಪ್ತು.

ಈಗ ಕಂಪನಿಗಳ ಕೆಳಗೆ ಕೆಲಸ ಮಾಡೋರು ಕೇಳ್ಬೇಕಾದ್ದು. ನಿಮಗೆ ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಮಾಡ್ಸೋ ನೋಂದಣಿ, ಇದೆಯಾ? ಇಲ್ಲ ಅಂದ್ರೆ ಇದನ್ನ ಓದೋದು ನಿಲ್ಸಿ ಮೊದಲು ಅದನ್ನ ಮಾಡ್ಸಿ, ಆಧಾರ್ ಇದ್ರೆ ಆನ್‌ಲೈನಲ್ಲಿ ಪುಕ್ಸಟ್ಟೆ, ಕನ್‌ಸ್ಟ್ರಕ್ಷನ್‌ಗೆ 41, 42, 43 ಅಂತ ಶುರುವಾಗೋ ಕೋಡ್‌ಗಳಿವೆ. ಯಾಕಂದ್ರೆ ಸಣ್ಣ ಉದ್ಯಮಗಳಿಗೆ ಅಂತ 2006ರ ಎಂಎಸ್‌ಎಂಇಡಿ ಆಕ್ಟ್ ಇದೆ, ನನ್ನ ಲೆಕ್ಕದಲ್ಲಿ ಸಣ್ಣೋರ ಕೈಲಿರೋ ಗಟ್ಟಿ ಆಯುಧ ಅದೇ. ಆ ರಿಜಿಸ್ಟ್ರೇಷನಲ್ಲಿ ನೀವು ಮೈಕ್ರೋ ಅಥವಾ ಸ್ಮಾಲ್ ಆಗಿದ್ರೆ, ಅಗ್ರಿಮೆಂಟಲ್ಲಿ ಏನೇ ಬರೆದಿದ್ರೂ ಕೆಲಸ ಒಪ್ಕೊಂಡ ದಿನದಿಂದ 45 ದಿನದೊಳಗೆ ದುಡ್ಡು ಬರ್ಬೇಕು, ಏನೂ ಬರೆದಿಲ್ಲ ಅಂದ್ರೆ 15 ದಿನದೊಳಗೆ. "ನಾವಿನ್ನೂ ಒಪ್ಕೊಂಡೇ ಇಲ್ಲ" ಅಂತ ಆಟ ಆಡೋಕೂ ಆಗಲ್ಲ, ಕೆಲಸ ಕೊಟ್ಟ 15 ದಿನದಲ್ಲಿ ಬರಹದಲ್ಲಿ ತಕರಾರು ಎತ್ತಿಲ್ಲ ಅಂದ್ರೆ ಒಪ್ಕೊಂಡ ಹಾಗೇ ಲೆಕ್ಕ. ತಡವಾದ್ರೆ ಬಡ್ಡಿ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023ರ ಫೆಬ್ರವರಿಯಿಂದ 2025ರ ಫೆಬ್ರವರಿ ತನಕ ಬ್ಯಾಂಕ್ ರೇಟ್ 6.75 ಇತ್ತು, ಅಂದ್ರೆ 20.25 ಪರ್ಸೆಂಟ್, 10 ಲಕ್ಷ ಒಂದು ವರ್ಷ ಸತಾಯ್ಸಿದ್ರೆ ಬಡ್ಡೀನೇ 2 ಲಕ್ಷ 22 ಸಾವಿರ. ಕಂಪ್ಲೇಂಟನ್ನ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ, ಈ ಬಾಕಿ ಜಗಳ ನೋಡೋಕೇ ಇರೋ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹಾಕೋದು, ಅವರು ಮೊದಲು ರಾಜಿ ನೋಡ್ತಾರೆ, ಆಗದಿದ್ರೆ ಆರ್ಬಿಟ್ರೇಷನ್, ಅಂದ್ರೆ ಕೋರ್ಟ್ ಹೊರಗೆ ಮಧ್ಯಸ್ಥರು ಕೊಡೋ ತೀರ್ಪು. ನಿಮ್ಮ ಪರ ಆರ್ಡರ್ ಆದ್ರೆ ಅದರ ಮೇಲೆ ಕೋರ್ಟಿಗೆ ಹೋಗೋಕೆ ಕಂಪನಿಯವರು ಆ ಮೊತ್ತದ ಮುಕ್ಕಾಲು ಪಾಲು, 75 ಪರ್ಸೆಂಟ್, ಮೊದಲೇ ಡೆಪಾಸಿಟ್ ಇಡ್ಬೇಕು. ಸುಮ್ನೆ ಎಳೆಯೋಕೆ ಅಂತಾನೇ ಅಪೀಲ್ ಹೋಗೋ ಚಾಳಿಗೆ ಇದೇ ಮದ್ದು.

ಇಲ್ಲಿ ಎರಡು ಕೊಕ್ಕೆ ಇದೆ, ಹೇಳದೇ ಹೋದ್ರೆ ಮೋಸ ಆಗುತ್ತೆ. ಒಂದು, ಕಾಂಟ್ರಾಕ್ಟ್ ಆದ್ಮೇಲೆ ರಿಜಿಸ್ಟ್ರೇಷನ್ ಮಾಡ್ಸಿದೋರಿಗೆ ಇದರ ಲಾಭ ಇಲ್ಲ ಅಂತ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2025ರ ಜನವರಿಯಲ್ಲಿ ಎನ್‌ಬಿಸಿಸಿ ಕೇಸಲ್ಲಿ ಇಬ್ಬರು ಜಡ್ಜುಗಳು ಅದು ಸರಿಯಾ ಅಂತ ಸಂಶಯ ಪಟ್ಟು ಮೂರು ಜನರ ಬೆಂಚಿಗೆ ಕಳ್ಸಿದ್ರು. ಕೋರ್ಟ್ ಏನಾದ್ರೂ ಹೇಳ್ಲಿ, ಕೆಲಸ ಹಿಡಿಯೋ ಮುಂಚೆ ಮಾಡ್ಸಿಟ್ರೆ ಈ ತಲೆನೋವೇ ಇಲ್ಲ. ಎರಡನೇದು ದೊಡ್ಡದು. ಮೆಟೀರಿಯಲ್ಲೂ ಲೇಬರ್ರೂ ಸೇರಿಸಿ ಮಾಡೋ ಕೆಲಸ ವರ್ಕ್ಸ್ ಕಾಂಟ್ರಾಕ್ಟು, ಅದು ಸರಕೂ ಅಲ್ಲ ಸೇವೆನೂ ಅಲ್ಲ, ಹಾಗಾಗಿ ಈ ಆಕ್ಟ್ ಅನ್ವಯ ಆಗಲ್ಲ ಅಂತ ಬಾಂಬೆ ಹೈಕೋರ್ಟ್ ತೀರ್ಪುಗಳಿವೆ, ಕಂಪನಿ ಲಾಯರ್‌ಗಳು ಮೊದಲ ದಿನಾನೇ ಅದನ್ನ ಎತ್ಕೊಂಡು ಬರ್ತಾರೆ. ನಂಗಂತೂ ಇದು ಸರಿ ಅನ್ಸಲ್ಲ, ರಿಜಿಸ್ಟ್ರೇಷನ್ ಕೊಡುವಾಗ ಕನ್‌ಸ್ಟ್ರಕ್ಷನ್‌ಗೆ ಕೋಡ್ ಕೊಟ್ಟು ದುಡ್ಡು ಕೇಳುವಾಗ ನೀನು ಬೇರೆ ಅಂದ್ರೆ ಏನರ್ಥ? ಆದ್ರೂ ಈ ವಾದ ಬಂದೇ ಬರುತ್ತೆ ಅಂತ ಗೊತ್ತಿಟ್ಕೊಂಡು, ಬರೀ ಲೇಬರ್ ಕಾಂಟ್ರಾಕ್ಟ್ ಮಾಡೋ ಬಾರ್ ಬೆಂಡಿಂಗ್, ಸೆಂಟ್ರಿಂಗ್, ಗಾರೆ ಮೇಸ್ತ್ರಿಗಳು ವರ್ಕ್ ಆರ್ಡರಲ್ಲಿ ಲೇಬರ್ ಸರ್ವಿಸ್ ಅಂತಾನೇ ಸ್ಪಷ್ಟವಾಗಿ ಬರೆಸ್ಕೊಳ್ಳಿ, ಅವರ ಸ್ಥಿತಿ ಇಲ್ಲಿ ಗಟ್ಟಿ. ಮೆಟೀರಿಯಲ್ ಸೇರಿಸಿ ಮಾಡೋರು ಲಾಯರ್ ಹತ್ರ ಕೇಳದೆ ಕೌನ್ಸಿಲ್ ಒಂದನ್ನೇ ನಂಬ್ಕೊಂಡು ಮೂರು ವರ್ಷ ಕಳೀಬೇಡಿ.

ಕೌನ್ಸಿಲ್‌ಗೆ ಹೋದ್ರೆ ಆ ಕಂಪನಿ ಮುಂದಿನ ಕೆಲಸ ಕೊಡಲ್ಲ ಅನ್ನೋ ಭಯ ಇರುತ್ತೆ, ಆ ಭಯ ಸುಳ್ಳಲ್ಲ. ಅದಕ್ಕೇ ನಾನು ಮೊದಲು ಅಕೌಂಟ್ಸ್ ಡಿಪಾರ್ಟ್‌ಮೆಂಟ್ ದಾರಿ ಹಿಡೀರಿ ಅಂತೀನಿ. 2023ರ ಬಜೆಟ್ಟಲ್ಲಿ 43ಬಿ(ಎಚ್) ಅಂತ ಬಂದ ಒಂದು ಇನ್‌ಕಮ್ ಟ್ಯಾಕ್ಸ್ ರೂಲ್ ಇದೆ, ಮೈಕ್ರೋ ಸ್ಮಾಲ್‌ನೋರಿಗೆ ಆ 15 ಅಥವಾ 45 ದಿನದೊಳಗೆ ಕೊಡದೆ ವರ್ಷ ದಾಟಿಸಿದ್ರೆ, ಕಂಪನಿಯವರು ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ, ಕೊಟ್ಟ ವರ್ಷದಲ್ಲೇ ಕಳೀಬೇಕು. ಜಿಎಸ್‌ಟಿಯಲ್ಲೂ ಇನ್ನೊಂದಿದೆ, ನಿಮ್ಮ ಇನ್‌ವಾಯ್ಸ್ ತಾರೀಖಿಂದ 180 ದಿನದೊಳಗೆ ದುಡ್ಡು ಕೊಟ್ಟಿಲ್ಲ ಅಂದ್ರೆ ಅವರು ತಗೊಂಡ ಇನ್‌ಪುಟ್ ಕ್ರೆಡಿಟ್ಟನ್ನ (ನಿಮ್ಮ ಬಿಲ್ಲಿನ ಜಿಎಸ್‌ಟಿಯನ್ನ ತಮ್ಮ ತೆರಿಗೆಯಲ್ಲಿ ಕಳೆದಿದ್ದು) ಬಡ್ಡಿ ಸಮೇತ ವಾಪಸ್ ಕಟ್ಬೇಕು. ಸೈಟ್ ಮ್ಯಾನೇಜರ್‌ಗೆ ಇದ್ಯಾವುದೂ ತಲೆಗೆ ಹೋಗಲ್ಲ, ಅಕೌಂಟ್ಸಲ್ಲಿ ಕೂತಿರೋನಿಗೆ ಹೋಗುತ್ತೆ. ಪ್ರತಿ ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ, ಫೆಬ್ರವರಿಯಲ್ಲಿ ಮರ್ಯಾದೆಯಿಂದ ಒಂದು ಲೆಟರ್ ಕಳ್ಸಿ, ಮಾರ್ಚ್ ಕೊನೆ ವಾರ ದುಡ್ಡು ಬಂದಿರೋದನ್ನ ಕಣ್ಣಾರೆ ನೋಡಿದೀನಿ. ಜಗಳ ಇಲ್ಲ ಏನಿಲ್ಲ.

ಸಬ್ ಕಂಟ್ರಾಕ್ಟರ್‌ಗೆ ಮಾಮೂಲಿ ಸಿಗೋ ಉತ್ತರ "ನಂಗೆ ಡಿಪಾರ್ಟ್‌ಮೆಂಟಿಂದ ಬಂದಾಗ ನಿಂಗೆ". ಮೇಲೆ ಹೇಳಿದ ಇಂಗ್ಲೆಂಡಿನ ಆಕ್ಟಲ್ಲಿ ಇಂಥ ಷರತ್ತೇ ನಡೆಯಲ್ಲ, ಮೇಲಿನೋನು ದಿವಾಳಿ ಆದಾಗ ಬಿಟ್ಟು. ಇಲ್ಲಿ ಹಾಗೆ ಬರೆದ್ರೆ ಬರೆದಿದ್ದೇ, ಆದ್ರೆ ಎಂಎಸ್‌ಎಂಇಡಿ ಆಕ್ಟ್ ಅನ್ವಯ ಆಗೋ ಕಡೆ ಅದರ 24ನೇ ಸೆಕ್ಷನ್ ಬೇರೆ ಎಲ್ಲದರ ಮೇಲೆ ನಿಲ್ಲುತ್ತೆ, 45 ದಿನ ಅಂದ್ರೆ 45 ದಿನ. ಇನ್ನು ಅಗ್ರಿಮೆಂಟಲ್ಲಿ "ಜಗಳ ಬಂದ್ರೆ ನಮ್ಮ ಎಂಡಿನೇ ಆರ್ಬಿಟ್ರೇಟರ್" ಅಂತ ಬರೆದಿದ್ರೆ ಹೆದರ್ಬೇಡಿ, ಜಗಳದಲ್ಲಿ ಪಾಲಿರೋನು ಆರ್ಬಿಟ್ರೇಟರ್ ಆಗೋ ಹಾಗಿಲ್ಲ, ತಾನು ಒಬ್ಬನೇ ಇನ್ನೊಬ್ಬನನ್ನ ನೇಮಿಸೋ ಹಾಗೂ ಇಲ್ಲ ಅಂತ 2019ರ ಪರ್ಕಿನ್ಸ್ ಈಸ್ಟ್‌ಮನ್ ಕೇಸಿಂದ ಸುಪ್ರೀಂ ಕೋರ್ಟ್ ಹೇಳ್ತಾ ಬಂದಿದೆ. ಆರ್ಬಿಟ್ರೇಷನ್ ಕ್ಲಾಸೇ ಇಲ್ಲ ಅಂದ್ರೆ, 3 ಲಕ್ಷ ಮೇಲ್ಪಟ್ಟ ಕನ್‌ಸ್ಟ್ರಕ್ಷನ್ ಜಗಳ ಕಮರ್ಷಿಯಲ್ ಕೋರ್ಟಿಗೆ, ತುರ್ತು ಆರ್ಡರ್ ಬೇಡದೇ ಇದ್ರೆ ಅದಕ್ಕೂ ಮುಂಚೆ ಮೀಡಿಯೇಷನ್ (ರಾಜಿ ಮಾತುಕತೆ) ಕಡ್ಡಾಯ. ದಿವಾಳಿ ಕೋರ್ಟಿಗೆ ಎಳೀತೀನಿ ಅನ್ನೋರಿಗೆ, ಬಾಕಿ 1 ಕೋಟಿ ಇರ್ಬೇಕು, ಮೊದಲೇ ತಕರಾರು ಇದ್ರೆ ಅಲ್ಲಿ ನಿಲ್ಲಲ್ಲ, ನಮ್ಮಂಥೋರಿಗೆ ಅಷ್ಟು ದೂರ ಬೇಡ.

ಸರ್ಕಾರಿ ಕೆಲಸದ ಬಗ್ಗೆ ಬರೀಬೇಕಂದ್ರೆ ಕೈ ಸ್ವಲ್ಪ ನಡುಗುತ್ತೆ. ಬೆಳಗಾವಿ ಹತ್ರ ಹಿಂಡಲಗಾದಲ್ಲಿ ವರ್ಕ್ ಆರ್ಡರ್ ಇಲ್ದೆ ಸುಮಾರು 4 ಕೋಟಿ ಕೆಲಸ ಮಾಡಿದೀನಿ, ಬಿಲ್ ಆಗ್ತಿಲ್ಲ ಅಂತಿದ್ದ ಕಂಟ್ರಾಕ್ಟರ್ 2022ರ ಏಪ್ರಿಲಲ್ಲಿ ಉಡುಪಿಯ ಲಾಡ್ಜಲ್ಲಿ ತೀರಿಕೊಂಡಿದ್ದು ಎಲ್ರಿಗೂ ನೆನಪಿದೆ. ಅದಕ್ಕೆ ಹಿಂದಿನ ವರ್ಷಾನೇ ರಾಜ್ಯ ಗುತ್ತಿಗೆದಾರರ ಸಂಘದೋರು 40 ಪರ್ಸೆಂಟ್ ಕಮಿಷನ್ ಅಂತ ಪ್ರಧಾನಿಗೆ ಪತ್ರ ಬರೆದಿದ್ರು. ಅದರ ರಾಜಕೀಯಕ್ಕೆ ನಾನು ಹೋಗಲ್ಲ, ಯಾವ ಸರ್ಕಾರ ಬಂದ್ರೂ ಎಲ್‌ಓಸಿ (ಬಿಲ್‌ಗೆ ದುಡ್ಡು ಬಿಡೋ ಆದೇಶ) ಯಾವಾಗ ರಿಲೀಸ್ ಆಗುತ್ತೆ ಅಂತ ಡಿವಿಷನ್ ಆಫೀಸ್ ವರಾಂಡದಲ್ಲಿ ಕಾಯೋ ಮುಖಗಳು ಅವೇ. ನಂಗೆ ಬೇಕಿರೋದು ಆ ವರ್ಕ್ ಆರ್ಡರ್ ಅನ್ನೋ ಒಂದು ಪೇಪರ್. ಜಾತ್ರೆ ಬರ್ತಿದೆ, ಮಂತ್ರಿ ಬರ್ತಾರೆ, ಮೊದಲು ರೋಡ್ ಮಾಡ್ಬಿಡಪ್ಪ ಆಮೇಲೆ ಟೆಂಡರ್ ಫಾರ್ಮಾಲಿಟಿ ಮಾಡ್ಕೊಳೋಣ ಅನ್ನೋ ಮಾತು ಇವತ್ತಿಗೂ ನಿಂತಿಲ್ಲ. ರಾಜ್ಯದ ಟೆಂಡರ್ ಕಾನೂನು, 1999ರ ಕೆಟಿಪಿಪಿ ಆಕ್ಟ್ ಪ್ರಕಾರ ಟೆಂಡರ್ ಇಲ್ಲದ ಕೆಲಸಕ್ಕೆ ಜಾಗ ಇರೋದು ಅದರಲ್ಲೇ ಹೇಳಿರೋ ವಿನಾಯ್ತಿಗಳಿಗೆ ಮಾತ್ರ, ಮತ್ತೆ ಸರ್ಕಾರದ ಹೆಸರಲ್ಲಿ ಆಗೋ ಕಾಂಟ್ರಾಕ್ಟ್ ಸಂವಿಧಾನದ 299ನೇ ವಿಧಿಯ ಪ್ರಕಾರ ಬರಹದಲ್ಲಿ, ಅಧಿಕಾರ ಇರೋ ಆಫೀಸರ್ ಸಹಿಯಲ್ಲಿ ಇರ್ಬೇಕು. ಅವರ ಬಾಯಿಮಾತು ಸರ್ಕಾರನ ಕಟ್ಟಿಹಾಕಲ್ಲ.

ಹಾಗಂತ ಮಾಡಿದ್ದೆಲ್ಲ ಗಂಗೆ ಪಾಲಾ? ಪೂರ್ತಿ ಅಲ್ಲ. ಇದಕ್ಕೊಂದು ಹಳೇ ಕೇಸಿದೆ, ನಂಗೆ ತುಂಬಾ ಇಷ್ಟ. 1944ರಲ್ಲಿ, ಯುದ್ಧದ ಟೈಮು, ಬಂಗಾಳದ ಹೂಗ್ಲಿ ಜಿಲ್ಲೆಯ ಆರಾಂಬಾಗ್‌ನಲ್ಲಿ ಬಿ.ಕೆ. ಮೊಂಡಲ್ ಅಂಡ್ ಸನ್ಸ್ ಅನ್ನೋ ಕಂಟ್ರಾಕ್ಟರ್ ಫರ್ಮ್‌ಗೆ ಅಲ್ಲಿನ ಸಬ್ ಡಿವಿಷನಲ್ ಆಫೀಸರ್ ಹೇಳ್ತಾರೆ, ಸಿವಿಲ್ ಸಪ್ಲೈಸ್‌ಗೆ ಒಂದು ಕಚ್ಚಾ ರೋಡು, ಗಾರ್ಡ್ ರೂಮು, ಆಫೀಸು, ಅಡುಗೆಮನೆ ಬೇಕು ಅಂತ. ಇನ್ನೊಬ್ಬ ಆಫೀಸರ್ ಬಂದು ಖಾನಾಕುಲ್‌ನಲ್ಲಿ ಗೋಡೌನ್ ಶೆಡ್ ಹಾಕಿ ಅಂತಾರೆ. ಕಟ್ಟಿಕೊಡ್ತಾರೆ. ಡಿಪಾರ್ಟ್‌ಮೆಂಟು ಅದನ್ನ ಉಪಯೋಗಿಸ್ತಾನೂ ಇರುತ್ತೆ. ಎರಡೂ ಸೇರಿ ಸುಮಾರು 19 ಸಾವಿರ ಬಿಲ್ಲು, ಆಗಿನ 19 ಸಾವಿರ! ಬಿಲ್ ಕೇಳಿದ್ರೆ ಸರ್ಕಾರ ಹೇಳಿದ್ದು ಇವತ್ತು ಹೇಳೋದನ್ನೇ, ಕಾನೂನು ಪ್ರಕಾರ ಕಾಂಟ್ರಾಕ್ಟೇ ಆಗಿಲ್ಲ, ಹೇಳಿದ ಆಫೀಸರ್‌ಗೆ ಅಧಿಕಾರ ಇರ್ಲಿಲ್ಲ. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ ಕಂಟ್ರಾಕ್ಟರ್ ಗೆದ್ರು. ಕಾಂಟ್ರಾಕ್ಟ್ ಇಲ್ಲ ಅನ್ನೋದನ್ನ ಕೋರ್ಟ್ ಒಪ್ತು, ಆದ್ರೆ ಕಾಂಟ್ರಾಕ್ಟ್ ಆಕ್ಟ್ 70ನೇ ಸೆಕ್ಷನ್ ಇದೆಯಲ್ಲ, ಒಬ್ಬ ನ್ಯಾಯವಾಗಿ ಇನ್ನೊಬ್ಬರಿಗೆ ಕೆಲಸ ಮಾಡ್ಕೊಟ್ಟು, ಪುಕ್ಸಟ್ಟೆ ಅನ್ನೋ ಉದ್ದೇಶ ಇಲ್ದೇ ಇದ್ದು, ಇನ್ನೊಬ್ಬರು ಅದರ ಲಾಭ ತಗೊಂಡ್ರೆ ಪರಿಹಾರ ಕೊಡ್ಲೇಬೇಕು ಅಂತ. ಬೇಡ ಅನ್ನೋ ಅವಕಾಶ ಇತ್ತು, ಬೇಡ ಅನ್ಲಿಲ್ಲ, ಬಳಸ್ಕೊಂಡ್ರಿ, ಕೊಡಿ ಅಷ್ಟೆ. ಖುಷಿ ಪಡೋ ಮುಂಚೆ ವರ್ಷ ನೋಡಿ, ಕೆಲಸ 1944, ಸುಪ್ರೀಂ ಕೋರ್ಟ್ ತೀರ್ಪು ಬಂದ ಹೊತ್ತಿಗೆ 1961 ಮುಗೀತಾ ಇತ್ತು. ಹದಿನೇಳು ವರ್ಷ. 70ನೇ ಸೆಕ್ಷನ್ ಇದೆ ಅಂತ ವರ್ಕ್ ಆರ್ಡರ್ ಇಲ್ದೆ ಜೆಸಿಬಿ ಇಳ್ಸೋನು ಆ ಹದಿನೇಳನ್ನೂ ಲೆಕ್ಕಕ್ಕೆ ಹಾಕ್ಕೋಬೇಕು.

ಟೆಂಡರ್ ಕೆಲಸದ ಒಳಗಡೆ ಬರೋ ಎಕ್ಸ್‌ಟ್ರಾ ಐಟಂ ಕೂಡ ಹೀಗೇ. ಎಸ್ಟಿಮೇಟಲ್ಲಿ ಮಣ್ಣು ಅಂತಿದೆ, ಅಗೆದ್ರೆ ಬಂಡೆ. ಎಇ (ಅಸಿಸ್ಟೆಂಟ್ ಇಂಜಿನಿಯರ್) ಸೈಟಲ್ಲಿ ನಿಂತು "ಒಡೆಸಿ, ನಾನು ನೋಡ್ಕೋತೀನಿ" ಅಂತಾರೆ, ಆರು ತಿಂಗಳಿಗೆ ಅವರಿಗೆ ಟ್ರಾನ್ಸ್‌ಫರ್. ಹೊಸಬರು ಎಂಬಿ (ಅಳತೆ ಪುಸ್ತಕ) ತೆಗೆದು ನೋಡಿದ್ರೆ ಬಂಡೆ ಇಲ್ಲ. ಬಂಡೆ ಕಂಡ ದಿನಾನೇ ಇಇಗೆ (ಎಕ್ಸಿಕ್ಯೂಟಿವ್ ಇಂಜಿನಿಯರ್) ಲೆಟರ್, ಟಪಾಲಲ್ಲಿ ಸೀಲ್ ಹಾಕ್ಸಿ ಕಾಪಿ, ತಾರೀಖು ಬೀಳೋ ಫೋಟೋ, ರೇಟ್ ಅಪ್ರೂವಲ್ ಕೇಳಿ ಇನ್ನೊಂದು ಲೆಟರ್. ಇಷ್ಟೇ.

ಆಮೇಲೆ ಲಿಮಿಟೇಷನ್, ಅಂದ್ರೆ ಕೋರ್ಟಿಗೆ ಹೋಗೋಕೆ ಇರೋ ಕಾಲಮಿತಿ. ಇದರಲ್ಲೇ ಜಾಸ್ತಿ ಜನ ಹೊಡೆತ ತಿನ್ನೋದು. ದುಡ್ಡಿಗೆ ಬೇರೆ ಗಡುವು ಮಾತಾಡಿಲ್ಲ ಅಂದ್ರೆ ಕೆಲಸ ಮುಗಿಸಿದ ದಿನದಿಂದ 3 ವರ್ಷದೊಳಗೆ ಕೋರ್ಟಿಗೆ ಹೋಗ್ಬೇಕು. ನಾನು ವರ್ಷ ವರ್ಷ ರಿಮೈಂಡರ್ ಕಳ್ಸಿದೀನಲ್ಲ ಅಂತಾರೆ, ನೀವು ಎಷ್ಟೇ ಲೆಟರ್ ಹಾಕಿದ್ರೂ ಆ ಗಡಿಯಾರ ನಿಲ್ಲಲ್ಲ, ಅದು ಹೊಸದಾಗಿ ಶುರುವಾಗೋದು ಅವರು ಬರೆದುಕೊಟ್ರೆ. 3 ವರ್ಷ ಮುಗಿಯೋದ್ರೊಳಗೆ "ಇಷ್ಟು ಬಾಕಿ ಇದೆ" ಅಂತ ಸಹಿ ಹಾಕಿ ಕೊಟ್ರೆ ಆ ದಿನದಿಂದ ಮತ್ತೆ 3 ವರ್ಷ, ಬಾಕಿಗೆ ಅಂತ ಸ್ವಲ್ಪ ದುಡ್ಡು ಚೆಕ್ಕಲ್ಲಿ ಕೊಟ್ರೂ ಹಾಗೇ. ಅದಕ್ಕೇ ಪ್ರತಿ ಮಾರ್ಚ್‌ಗೆ ಒಂದು ಹಾಳೆ ಲೆಕ್ಕ ಟೈಪ್ ಮಾಡಿ, ಒಟ್ಟು ಇಷ್ಟು, ಬಂದಿದ್ದು ಇಷ್ಟು, ಬಾಕಿ ಇಷ್ಟು ಅಂತ, "ಆಡಿಟರ್ ಕೇಳ್ತಿದಾರೆ ಸಾರ್, ಒಂದು ಸೈನ್" ಅಂತ ತಗೊಳ್ಳಿ. ಆಡಿಟರ್ ಹೆಸರು ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಕೊಡಲ್ಲ ಅಂತ ಖಚಿತ ಆದ್ಮೇಲೆ ಕಳ್ಸೋ ನೋಟಿಸಲ್ಲಿ "ಬಡ್ಡಿ ಸಮೇತ ಕೇಳ್ತೀನಿ" ಅನ್ನೋ ವಾಕ್ಯ ಬಿಡ್ಬೇಡಿ, 1978ರ ಇಂಟರೆಸ್ಟ್ ಆಕ್ಟ್ ಪ್ರಕಾರ, ಬಡ್ಡಿ ಬಗ್ಗೆ ಅಗ್ರಿಮೆಂಟಲ್ಲಿ ಏನೂ ಇಲ್ದೇ ಇದ್ರೂ ಆ ನೋಟಿಸ್ ತಾರೀಖಿಂದ ಕೋರ್ಟ್ ಬಡ್ಡಿ ಕೊಡ್ಬೋದು.

ಫೈನಲ್ ಬಿಲ್ ಕೊಡುವಾಗ "ನನಗೆ ಬೇರೆ ಯಾವ ಕ್ಲೇಮ್ ಇಲ್ಲ" ಅಂತ ಸಹಿ ಕೇಳ್ತಾರೆ, ಸಹಿ ಇಲ್ಲ ಅಂದ್ರೆ ಚೆಕ್ ಇಲ್ಲ. ದುಡ್ಡಿಲ್ದೆ ಒದ್ದಾಡ್ತಿರೋನು ಹಾಕೇ ಹಾಕ್ತಾನೆ. ಅದು ಎಲ್ಲ ಬಾಗಿಲನ್ನೂ ಮುಚ್ಚಲ್ಲ, ಅಂಬಿಕಾ ಕನ್‌ಸ್ಟ್ರಕ್ಷನ್ ಕೇಸಲ್ಲಿ 2006ರಲ್ಲೂ, ಬೊಘಾರಾ ಪಾಲಿಫ್ಯಾಬ್ ಕೇಸಲ್ಲಿ 2008ರಲ್ಲೂ ಸುಪ್ರೀಂ ಕೋರ್ಟ್ ಹೇಳಿರೋದು ಒತ್ತಾಯದಲ್ಲಿ ಹಾಕ್ಸಿದ ಇಂಥ ಸಹಿ ಕೊನೇ ಮಾತಲ್ಲ ಅಂತ. ಆದ್ರೆ ಒತ್ತಾಯ ಇತ್ತು ಅಂತ ತೋರ್ಸೋದು ನಿಮ್ಮ ಮೇಲೆ, ಎರಡು ವರ್ಷ ಸುಮ್ನಿದ್ದು ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ. ದುಡ್ಡು ಅಕೌಂಟಿಗೆ ಬಿದ್ದ ದಿನಾನೇ ಒಂದು ಸ್ಪೀಡ್ ಪೋಸ್ಟ್ ಹಾಕಿ, ಇಂಥಿಂಥ ಐಟಂ ಬಾಕಿ ಇದೆ, ಬಿಲ್ ತಡೆದಿದ್ರಿಂದ ಸಹಿ ಹಾಕ್ಬೇಕಾಯ್ತು ಅಂತ.

ಸರ್ಕಾರಿ ಬಾಕಿಗೆ ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕ್ಬೋದಾ ಅಂತ ಜಾಸ್ತಿ ಕೇಳ್ತಾರೆ. ಲೆಕ್ಕದಲ್ಲೇ ಜಗಳ ಇದ್ರೆ ಹೈಕೋರ್ಟ್ ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತೆ. ಬಾಕಿ ಇದೆ ಅಂತ ಇಲಾಖೆನೇ ಬರಹದಲ್ಲಿ ಒಪ್ಕೊಂಡಿದ್ರೆ ಕಥೆ ಬೇರೆ, ಆಗ ರಿಟ್‌ಗೆ ದಾರಿ ಇದೆ. ಆ ಬರಹ ಎಲ್ಲಿಂದ ತರೋದು ಅಂದ್ರೆ ಆರ್‌ಟಿಐ. 10 ರೂಪಾಯಿ ಫೀಸು, 30 ದಿನ. "ಬಿಲ್ ಯಾಕೆ ಆಗಿಲ್ಲ" ಅಂತ ಕೇಳ್ಬೇಡಿ, ಯಾಕೆ ಅನ್ನೋ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಿಲ್ಲ ಅಂತ ಹಿಂಬರಹ ಕೊಡ್ತಾರೆ. ಈ ಕಾಮಗಾರಿಯ ಎಂಬಿ ಪುಟಗಳ ದೃಢೀಕೃತ ಪ್ರತಿ, ಬಿಲ್ ರಿಜಿಸ್ಟರಿನ ಪ್ರತಿ, ಪಾವತಿಗೆ ಬಾಕಿ ಇರೋ ಬಿಲ್ಲುಗಳ ಜ್ಯೇಷ್ಠತಾ ಪಟ್ಟಿ ಇದ್ರೆ ಅದರ ಪ್ರತಿ ಅಂತ ದಾಖಲೆ ಹೆಸರು ಹಿಡಿದು ಕೇಳಿ. ನಿಮಗಿಂತ ಹಿಂದೆ ಇದ್ದೋನ ಬಿಲ್ಲು ಮುಂದೆ ಹೋಗಿದೆಯಾ ಅನ್ನೋದೂ ಆ ಪಟ್ಟಿಯಲ್ಲೇ ಗೊತ್ತಾಗುತ್ತೆ, ಲಾಯರ್ ಮೊದಲು ಕೇಳೋದೂ ಅದನ್ನೇ.